ಹಳೆಯ ಪಿಕಪ್ಪಿನ ಒಳಛಾವಣಿಗೆ ಕಂಬಳಿ

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ಒಟ್ಟಿಗೆ ಉಕ್ಕಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿತೀರದ ಊರುಗಳು ಜಲಾವೃತವಾದವು. ಮಳೆ ಸುರಿದದ್ದು ನಮ್ಮ ಸಹ್ಯಾದ್ರಿಯಲ್ಲಿ, ಮುಳುಗಿದ್ದು ಬಯಲು. ಚಿಕ್ಕೋಡಿ ತಾಲ್ಲೂಕಿನ ರೈತಮಿತ್ರರೊಬ್ಬರ ಅಂಗಳದಲ್ಲಿ ನಿಂತಿದ್ದ, ಅವರ ತಂದೆಯ ಕಾಲದ ಪಿಕಪ್ ಗಾಡಿ ನೆತ್ತಿಯವರೆಗೆ ನೀರಿನಲ್ಲಿತ್ತು. ನೀರಿಳಿದ ಮೇಲೆ ಎಂಜಿನ್ ಬಿಚ್ಚಿ ತೊಳೆದು ಮತ್ತೆ ಓಡಿಸಿದರು. ಕ್ಯಾಬಿನ್ನಿನ ಒಳಛಾವಣಿ, ಅಂದರೆ ಗ್ಯಾರೇಜಿನವರು ರೂಫ್ ಲೈನಿಂಗ್ ಎನ್ನುವ ಬಟ್ಟೆ, ಮಾತ್ರ ಕೊಳೆತುಹೋಗಿತ್ತು.

ಇಷ್ಟು ಕ್ಷುಲ್ಲಕ ವಸ್ತುವಿಗೆ ಪರಿಸರ ಪತ್ರಿಕೆಯಲ್ಲಿ ಜಾಗವೇಕೆಂದು ಕೇಳುವವರು ಘಟ್ಟದ ಊರುಗಳಲ್ಲಿ ಇನ್ನೂ ಓಡುತ್ತಿರುವ ಜೀಪು, ಪಿಕಪ್ಪುಗಳ ಒಳಗೆ ಒಮ್ಮೆ ಕುಳಿತು ತಲೆಯೆತ್ತಿ ನೋಡಲಿ.

ನೆರೆಯ ನಂತರ ಪಟ್ಟಣದ ಕಾರ್ಯಾಗಾರವೊಂದರಲ್ಲಿ ಹಳೆಯ ಬಟ್ಟೆಯನ್ನೂ ಅದನ್ನು ಹಿಡಿದಿದ್ದ ಉಕ್ಕಿನ ಸರಳಿನ ಕಮಾನುಗಳನ್ನೂ ಕಿತ್ತು, ಫೋಮ್ ಬೆನ್ನಿನ ಬಟ್ಟೆಯನ್ನು ಹಾರ್ಡ್‌ಬೋರ್ಡಿಗೆ ಅಂಟಿಸಿಕೊಟ್ಟರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದು ಚಾಲಕರ ತಲೆಯ ಮೇಲೆ ಜೋತುಬಿತ್ತು. “ಇದು ಗಾಡಿ ಅಲ್ಲರಿ ಸರ್, ಜೋಳಿಗಿ ಆಗೇತಿ” ಎಂದು ಮಿತ್ರರು ನಕ್ಕರು. ಮತ್ತೆ ಅಂಟಿಸಲು ಹೊರಟಿದ್ದ ಅವರನ್ನು ನಾನು ತಡೆದೆ.

ಜೋತುಬೀಳುವ ಒಳಛಾವಣಿಗೆ ಎಲ್ಲರೂ ಅಂಟನ್ನು ದೂರುತ್ತಾರೆ. ನಿಜವಾಗಿ ಬಹುಪಾಲು ಸಂದರ್ಭಗಳಲ್ಲಿ ಸಾಯುವುದು ಪಾಲಿಯುರೆಥೇನ್ ಫೋಮ್. ಬಿಸಿ ಮತ್ತು ತೇವ ಒಟ್ಟಿಗೆ ಸೇರಿದಾಗ ಅದರ ರಾಸಾಯನಿಕ ಬಂಧಗಳು ಕಡಿದು, ಪದರವು ಹಳದಿ ಪುಡಿಯಾಗುತ್ತದೆ. ಆ ಪುಡಿಯ ಮೇಲೆ ಎಷ್ಟು ಅಂಟು ಬಳಿದರೂ ನಿಲ್ಲದು. ಬಯಲಿನಲ್ಲಿ ಬಿಸಿಲು, ನಮ್ಮಲ್ಲಿ ನಾಲ್ಕು ತಿಂಗಳ ಮಳೆಯ ತೇವ. ಎರಡೂ ಕಡೆ ಫೋಮಿಗೆ ಆಯುಷ್ಯವಿಲ್ಲ. ಇನ್ನು ಅಂಟು: ಅದರ ದ್ರಾವಕದಲ್ಲಿ ಸಾಮಾನ್ಯವಾಗಿ ಟೊಲ್ವೀನ್ ಇರುತ್ತದೆ. ಬಾಗಿಲು ಮುಚ್ಚಿದ ಕ್ಯಾಬಿನ್ನಿನಲ್ಲಿ ಮೇಲ್ಮುಖವಾಗಿ ಬ್ರಷ್ ಆಡಿಸುವ ಹದಿಹರೆಯದ ಹುಡುಗ ಅದನ್ನೇ ಉಸಿರಾಡುತ್ತಾನೆ. ಅವನ ತಲೆನೋವಿಗೆ ಬಿಲ್ಲಿನಲ್ಲಿ ಕಲಮಿಲ್ಲ.

ಪುಣ್ಯಕ್ಕೆ ಕಮಾನುಗಳನ್ನು ಮಿತ್ರರು ಗುಜರಿಗೆ ಹಾಕಿರಲಿಲ್ಲ. ಪ್ರತಿ ಕಮಾನಿನ ಬಾಗು ಬೇರೆ. ಆದುದರಿಂದ ಒಂದೊಂದಕ್ಕೂ ಬಣ್ಣದಿಂದ ಸಂಖ್ಯೆ ಬರೆದೆವು. ತಗಡಿನ ತುಕ್ಕನ್ನು ತಂತಿಬ್ರಷ್‌ನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅದರ ಮೇಲೆ ಬಣ್ಣ ಹೊಡೆದು ಎರಡು ದಿನ ಒಣಗಲು ಬಿಟ್ಟೆವು. ದಪ್ಪ ಹತ್ತಿಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸಿದ್ದರಿಂದ ಅದು ಕುಗ್ಗುವಷ್ಟು ಕುಗ್ಗಿತ್ತು. ಜೀಪಿನ ಹುಡ್ ಹೊಲಿಯುವ ಹಿರಿಯರೊಬ್ಬರು ಬಟ್ಟೆಯ ಬೆನ್ನಿಗೆ ಕಮಾನು ತೂರುವ ಪಟ್ಟಿಗಳನ್ನು, ಲಂಗದ ಲಾಡಿ ಮನೆಯಂತೆ, ಹೊಲಿದುಕೊಟ್ಟರು. ಹಿಂದಿನ ಕಮಾನಿನಿಂದ ಆರಂಭಿಸಿ ಒಂದೊಂದಾಗಿ ಮುಂದಕ್ಕೆ ಕೂರಿಸಬೇಕು. ಬಟ್ಟೆಯನ್ನು ನಡುವಿನಿಂದ ಅಂಚಿಗೆ ಎಳೆಯಬೇಕು. ಅಂಚಿನಿಂದ ಶುರುಮಾಡಿದರೆ ಸುಕ್ಕು ನಡುವೆ ಬಂದು ಕೂರುತ್ತದೆ. ಕೊನೆಗೆ ಅಂಚಿನ ಮರದ ಪಟ್ಟಿಗೆ ಸಣ್ಣ ಮೊಳೆ, ಮೇಲೆ ಬೀಡಿಂಗ್. ಇಡೀ ಕೆಲಸದಲ್ಲಿ ಒಂದು ಹನಿ ಅಂಟಿಲ್ಲ.

ತಗಡಿಗೂ ಬಟ್ಟೆಗೂ ನಡುವೆ ಒಂದು ಹಳೆಯ ಕರಿಕಂಬಳಿ ಹಾಸಿದೆವು. ನನ್ನ ವಾದವೆಲ್ಲ ಈ ಕಂಬಳಿಯದು. ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಗಿರಾಕಿ ತಗ್ಗಿದಂತೆ ಕತ್ತರಿಸಿದ ಕೂಲಿಯೂ ಹುಟ್ಟದೆ ಕುರಿಗಾರರು ಅದನ್ನು ಬಿಸಾಡುವ ಸ್ಥಿತಿ ಬಂದಿದೆ. ಆದರೆ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸದು, ಶಾಖವನ್ನು ತಡೆಯುತ್ತದೆ, ಸುಲಭವಾಗಿ ಹೊತ್ತಿಕೊಳ್ಳದು. ಫೋಮ್‌ಗೆ ಬೆಂಕಿ ಬಿದ್ದರೆ ವಿಷದ ಹೊಗೆ. ಕಂಬಳಿಗೆ ನುಸಿ ಹಿಡಿಯುವುದುಂಟು, ಅದನ್ನು ಮುಚ್ಚಿಡಲಾರೆ. ಮಳೆಗಾಲ ಮುಗಿದೊಡನೆ ಒಂದು ಬದಿಯ ಮೊಳೆ ಕಿತ್ತು ಕಂಬಳಿಯನ್ನು ಹೊರಗೆಳೆದು ಬಿಸಿಲಿಗೆ ಹಾಕಬೇಕು. ಹೊಲಿದದ್ದನ್ನು ಬಿಚ್ಚಬಹುದು ಎಂಬುದೇ ಇಲ್ಲಿನ ಅನುಕೂಲ.

ಹಳೆಯ ಗಾಡಿಗಳೆಲ್ಲ ಉಳಿಯಲಿ ಎಂಬ ಹಟ ನನಗಿಲ್ಲ. ದಿನಕ್ಕೆ ನೂರಾರು ಕಿಲೋಮೀಟರ್ ಹೊಗೆಯುಗುಳುತ್ತ ಓಡುವ ಮುದಿ ಡೀಸೆಲ್ ಎಂಜಿನ್ ನಿವೃತ್ತವಾಗಬೇಕು. ಹೊಲದಿಂದ ಮನೆಗೆ ಮೇವು, ವಾರಕ್ಕೊಮ್ಮೆ ಸಂತೆಗೆ ತರಕಾರಿ ಹೊರುವ ಗಾಡಿಯ ಲೆಕ್ಕ ಬೇರೆ. ಅದರ ಬದಲಿಗೆ ಬರುವ ಹೊಸ ಗಾಡಿಯ ಉಕ್ಕು ಯಾವುದೋ ಬೆಟ್ಟದ ಹೊಟ್ಟೆಯಿಂದಲೇ ಬರಬೇಕು. ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತದ್ದು ಎಷ್ಟು ಹೋರಾಟದ ನಂತರವೆಂಬುದು ಈ ಪತ್ರಿಕೆಯ ಓದುಗರಿಗೆ ಗೊತ್ತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ನಿತ್ಯ ಬಳಕೆಗಾಗಲಿ ವ್ಯಾಪಾರಕ್ಕಾಗಲಿ ರಸ್ತೆಗಿಳಿಸುವಂತಿಲ್ಲ. ದುಡಿಯದ ಹಳೆಯ ಗಾಡಿಗೆ ಗೌರವದ ಫಲಕ, ದುಡಿಯುವುದಕ್ಕೆ ಗುಜರಿಯ ದಾರಿ!

ಮಿತ್ರರ ಗಾಡಿಯ ಛಾವಣಿ ಈಗ ಬಿಗಿಯಾಗಿ ನಿಂತಿದೆ. ಮಧ್ಯಾಹ್ನದ ಬಿಸಿಲಲ್ಲೂ ತಲೆ ಮೊದಲಿನಷ್ಟು ಕಾಯುವುದಿಲ್ಲವೆಂದು ಅವರು ಹೇಳುತ್ತಾರೆ. ಕಿತ್ತುಹಾಕಿದ ಫೋಮ್ ಮಾತ್ರ ಒಂದು ಗೋಣಿಚೀಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿದೆ. ಗುಜರಿಯವರು ಒಯ್ಯಲೊಲ್ಲರು, ಸುಡಲು ನಾವು ಒಪ್ಪಲೊಲ್ಲೆವು. ಕಳೆದ ಮಳೆಗಾಲದಲ್ಲಿ ದೂಧಗಂಗೆ ಏರತೊಡಗಿದಾಗ ಅವರು ಮೊದಲು ಅಟ್ಟಕ್ಕೇರಿಸಿದ್ದು ಆ ಚೀಲವನ್ನಂತೆ.