ಕ್ಯಾಂಪರ್ ಆರ್ಡರ್ ಮಾಡೋ ಮುಂಚೆ: ಟಾಯ್ಲೆಟ್ ಒಳಗೆ, ಒಲೆ ಹೊರಗೆ

ನಮ್ಮ ಮೈಸೂರು ಸುತ್ತಮುತ್ತಲ ಊರುಗಳಲ್ಲಿ ‘ಕ್ಯಾಂಪರ್’ ಅಂದ್ರೆ ಬೊಲೆರೋ ಕ್ಯಾಂಪರ್. ಮುಂದೆ ಎರಡು ಸಾಲು ಸೀಟು, ಹಿಂದೆ ಟೊಮೆಟೋ ಕ್ರೇಟು, ಕ್ರೇಟಿನ ಮೇಲೆ ಇನ್ನಿಬ್ಬರು. ಅದರಲ್ಲಿ ಯಾರಾದ್ರೂ ಕ್ಯಾಂಪ್ ಮಾಡಿದ್ದನ್ನು ನಾನಂತೂ ನೋಡಿಲ್ಲ :) ಆ ಹೆಸರಿಗೆ ನ್ಯಾಯ ಒದಗಿಸೋ ಹಾಗೆ 2022ರಲ್ಲಿ ಮಹೀಂದ್ರಾ ಕಂಪನಿ, ಕ್ಯಾಂಪರ್‌ವ್ಯಾನ್ ಫ್ಯಾಕ್ಟರಿ ಅನ್ನೋ ಸಂಸ್ಥೆ ಜೊತೆ ಒಪ್ಪಂದ ಮಾಡಿಕೊಂಡು, ಅದೇ ಬೊಲೆರೋ ಪಿಕಪ್ ಮೇಲೆ ನಾಲ್ಕು ಜನ ಮಲಗುವಂಥ ಮನೆ ಕಟ್ಟಿಕೊಡ್ತೀವಿ ಅಂತ ಘೋಷಿಸಿತು. ಅಲ್ಲಿಂದೀಚೆಗೆ ‘ನಮಗೂ ಒಂದು ಕಟ್ಟಿಸೋಣ’ ಅನ್ನೋ ಹುಚ್ಚು ನನ್ನ ಗೆಳೆಯರ ಬಳಗದಲ್ಲೂ ಹರಡಿದೆ.

ನಮ್ಮ ದೊಡ್ಡಪ್ಪನ ಮಗನಿಗೆ ಈ ಹುಚ್ಚು ಸ್ವಲ್ಪ ಜಾಸ್ತಿ. ಅವನಿಗೆ ಬೇಕಿರೋದು ಪಾಪ್-ಅಪ್ ಕ್ಯಾಂಪರ್. ಗೊತ್ತಿಲ್ಲದವರಿಗೆ ಎರಡು ಸಾಲು: ಪಿಕಪ್‌ನ ಹಿಂದಿನ ತೊಟ್ಟಿಯ ಮೇಲೆ ಕೂರುವ ಸಣ್ಣ ರೂಮು ಇದು. ಓಡುವಾಗ ಚಾವಣಿ ಕೆಳಗಿರತ್ತೆ, ನಿಂತಾಗ ಮೇಲಕ್ಕೆತ್ತಿದರೆ ಒಂದೂವರೆ-ಎರಡು ಅಡಿ ಎತ್ತರ ಸಿಗತ್ತೆ, ಆ ಸಂದಿಗೆ ಸುತ್ತಲೂ ಕ್ಯಾನ್ವಾಸ್ ಗೋಡೆ. ಎತ್ತರ ಕಮ್ಮಿ ಇರೋದ್ರಿಂದ ಗಾಳಿಯ ತಡೆ ಕಮ್ಮಿ, ತಿರುವಿನಲ್ಲಿ ಓಲಾಟ ಕಮ್ಮಿ, ರೈಲ್ವೆ ಅಂಡರ್‌ಪಾಸ್ ಕೆಳಗೆ ಎದೆ ಢವಢವ ಅನ್ನೋದೂ ಕಮ್ಮಿ. ಕಟ್ಟಿಕೊಡುವವರು ಒಂದು ಆಪ್ಷನ್ ಪಟ್ಟಿ ಕಳಿಸಿದ್ದಾರೆ. ಮನೆಯಲ್ಲಿ ‘ಸಾಫ್ಟ್‌ವೇರ್‌ನವನು’ ಅಂತ ಒಬ್ಬ ಇದ್ದರೆ ಎಕ್ಸೆಲ್ ಶೀಟು ಅವನ ಪಾಲಿಗೇ ಬರೋದು ಲೋಕರೂಢಿ ತಾನೆ? ಹಾಗಾಗಿ ಪಟ್ಟಿ ನನ್ನ ಹತ್ರ ಬಂತು.

ಬಂದ ಪಟ್ಟಿಯಲ್ಲಿ ಅಣ್ಣ ಮತ್ತವನ ಗೆಳೆಯರು ಟಿಕ್ ಮಾಡಿದ್ದು ಈ ಕ್ರಮದಲ್ಲಿ: ಎಲ್‌ಇಡಿ ಲೈಟ್ ಬಾರ್, ಫ್ರಿಜ್, ಪಕ್ಕಕ್ಕೆ ಬಿಚ್ಚುವ ಚಪ್ಪರ, ಸೋಲಾರ್, ಮ್ಯೂಸಿಕ್ ಸಿಸ್ಟಮ್, ಒಳಗೆ ಎರಡು ಬರ್ನರ್ ಅಡುಗೆಮನೆ. ಕೊನೆಯ ಸಾಲಿನಲ್ಲಿ ‘ಪೋರ್ಟಬಲ್ ಟಾಯ್ಲೆಟ್’. ಅದರ ಮುಂದೆ: ‘ಬೇಡ. ತೂಕ, ವಾಸನೆ. ಲಾಡ್ಜು, ಬಂಕು ಇದ್ದೇ ಇರತ್ತೆ.’

ನನ್ನ ತಕರಾರು ಇರೋದು ಇದಕ್ಕೇ. ಪಟ್ಟಿ ತುಂಬಿದವರು ಐದು ಜನ ಗಂಡಸರು. ಆದರೆ ಆ ಗಾಡಿಯಲ್ಲಿ ಹೋಗಬೇಕು ಅಂತಿರೋರು ಅತ್ತಿಗೆ, ಎಂಟು ವರ್ಷದ ಮಗಳು, ಮಂಡಿನೋವಿನ ದೊಡ್ಡಮ್ಮ, ಸಕ್ಕರೆ ಕಾಯಿಲೆಯ ದೊಡ್ಡಪ್ಪ. ಅವರ್ಯಾರನ್ನೂ ಯಾರೂ ಕೇಳಿಲ್ಲ. ಆಪ್ಷನ್ ಪಟ್ಟಿ ಅನ್ನೋದು ಬರೀ ಸಾಮಾನಿನ ಪಟ್ಟಿ ಅಲ್ಲ ಕಣ್ರಿ, ಯಾರು ಪ್ರವಾಸಕ್ಕೆ ಬರಬಹುದು, ಯಾರು ‘ನೀವು ಹೋಗಿ ಬನ್ನಿ, ನಾನು ಮನೇಲೇ ಇರ್ತೀನಿ’ ಅನ್ನಬೇಕು ಅನ್ನೋದರ ತೀರ್ಮಾನ ಅದು. ನನ್ನ ಪ್ರಕಾರ ಟಾಯ್ಲೆಟ್ ಒಳಗೆ ಮೊದಲು ಬರಬೇಕು, ಒಲೆ ಹೊರಗೆ ಹೋಗಬೇಕು, ಉಳಿದದ್ದೆಲ್ಲ ಆಮೇಲೆ.

ಆದರೆ ಯಾವ ಆಪ್ಷನ್‌ಗೂ ಮುಂಚೆ ಕಾಗದ ಪತ್ರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ, ಅನುಮತಿ ಇಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೋಟಾರು ಕಾರವಾನ್‌ಗಳಿಗೆ ಅಂತಲೇ ಎಐಎಸ್-124 ಅನ್ನೋ ಮಾನದಂಡ ಇದೆ. ಕಟ್ಟಿಕೊಡುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಬಣ್ಣ ಇದೆ’ ಅಲ್ಲ, ‘ಅಪ್ರೂವಲ್ ಸರ್ಟಿಫಿಕೇಟ್ ಇದೆಯಾ, ಆರ್‌ಸಿಯಲ್ಲಿ ಏನಂತ ಬರತ್ತೆ, ಇನ್ಶೂರೆನ್ಸ್‌ನವರು ಲಿಖಿತವಾಗಿ ಒಪ್ಪಿದ್ದಾರಾ’ ಅಂತ. ಅಮೆರಿಕದ ಹಾಗೆ ಇಲ್ಲಿ ಪಿಕಪ್ ಮೇಲೆ ಪೆಟ್ಟಿಗೆ ಕೂರಿಸಿ ಹೊರಡೋದು ಅಷ್ಟು ಸಲೀಸಲ್ಲ. ‘ಅದೆಲ್ಲ ನಡೆಯತ್ತೆ ಸಾರ್’ ಅಂದರೆ ಅಡ್ವಾನ್ಸ್ ಕೊಡಬೇಡಿ.

ಎರಡನೆಯದು ತೂಕ. ಟಾಯ್ಲೆಟ್ ಬೇಡ ಅನ್ನೋರ ಮೊದಲ ಅಸ್ತ್ರ ಇದೇ ಆದ್ದರಿಂದ ಸ್ವಲ್ಪ ಲೆಕ್ಕ ಹಾಕೋಣ. ಆರ್‌ಸಿಯಲ್ಲಿ ಎರಡು ಅಂಕಿ ಇರತ್ತೆ: ಖಾಲಿ ಗಾಡಿಯ ತೂಕ, ಮತ್ತು ಭಾರ ಸೇರಿ ಇರಬಹುದಾದ ಗರಿಷ್ಠ ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ನಿಮ್ಮ ಬಜೆಟ್. ಮಾತಿಗೆ 900 ಕೆಜಿ ಅಂತಿಟ್ಟುಕೊಳ್ಳಿ. ಕ್ಯಾಂಪರ್ ಗೂಡು 400. ನಾಲ್ಕು ಜನ, ತಲಾ 65ರಂತೆ 260. ನೀರು 60 ಲೀಟರ್ ಅಂದ್ರೆ 60 ಕೆಜಿ. ಬಟ್ಟೆ, ಹಾಸಿಗೆ, ಪಾತ್ರೆ 60. ಒಟ್ಟು 780. ಉಳಿದದ್ದು 120 ಕೆಜಿ. ಆಪ್ಷನ್‌ಗಳ ಜಗಳವೆಲ್ಲ ಈ 120ರೊಳಗೇ ಆಗಬೇಕು.

ಈಗ ಟಾಯ್ಲೆಟ್ ತೂಗಿ ನೋಡಿ. ಮೇಲೆ ಶುದ್ಧ ನೀರಿನ ಟ್ಯಾಂಕು, ಕೆಳಗೆ ಸುಮಾರು 20 ಲೀಟರ್‌ನ ಬೇರ್ಪಡಿಸಬಹುದಾದ ಟ್ಯಾಂಕು, ಮಧ್ಯೆ ಬಿಗಿಯಾಗಿ ಮುಚ್ಚುವ ಅಡ್ಡತಟ್ಟೆ. ಖಾಲಿ ಇದ್ದಾಗ ನಾಲ್ಕೈದು ಕೆಜಿ, ತುಂಬಿದಾಗಲೂ 30 ದಾಟೋದು ಕಷ್ಟ. ಬೆಂಚಿನ ಕೆಳಗೆ ತಳ್ಳಿದರೆ ಕಣ್ಣಿಗೂ ಕಾಣಲ್ಲ. ಅದೇ ನಮ್ಮ ಮನೆಗಳಲ್ಲಿ ಇನ್ವರ್ಟರ್‌ಗೆ ಹಾಕುವ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಒಂದೇ 50 ಕೆಜಿ ದಾಟತ್ತೆ. ಫ್ರಿಜ್ಜು, ಅದರೊಳಗಿನ ಬಾಟಲಿಗಳು ಸೇರಿ ಎಷ್ಟಾಗತ್ತೆ ನೀವೇ ತೂಗಿ. ಫ್ರಿಜ್ಜಿನ ತೂಕದ ಬಗ್ಗೆ ಯಾರೂ ತಕರಾರು ತೆಗೆಯಲ್ಲ, ಗಮನಿಸಿದ್ರಾ?

ವಾಸನೆಯ ಮಾತು. ಆ ತಟ್ಟೆ ಸರಿಯಾಗಿ ಮುಚ್ಚಿ, ಎರಡು-ಮೂರು ದಿನಕ್ಕೊಮ್ಮೆ ಖಾಲಿ ಮಾಡಿ ತೊಳೆದರೆ ಅಷ್ಟೇನೂ ಬರಲ್ಲ. ವಿದೇಶದಲ್ಲಿರುವಂಥ ಡಂಪ್ ಸ್ಟೇಷನ್‌ಗಳು ನಮ್ಮ ರಸ್ತೆಗಳಲ್ಲಿ ಸಿಗಲ್ಲ, ಹಾಗಾಗಿ ಲಾಡ್ಜಿನ ಅಥವಾ ಮನೆಯ ಕಮೋಡಿಗೇ ಸುರಿಯಬೇಕು. ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾ ಸಾಯದ ಹಾಗೆ ಫಾರ್ಮಾಲ್ಡಿಹೈಡ್ ಇಲ್ಲದ ದ್ರಾವಣ ಬಳಸಬೇಕು. ಕೆರೆ, ಹೊಳೆ, ಕಾಡಿನ ಅಂಚು ಯಾವುದಕ್ಕೂ ಸುರಿಯಬಾರದು, ಇದರಲ್ಲಿ ಚರ್ಚೆಯೇ ಇಲ್ಲ. ಹೌದು, ಯಾರಾದ್ರೂ ಒಬ್ಬರು ಆ ಡಬ್ಬಿ ಹೊತ್ತು ತೊಳೆಯಬೇಕು. ಅಣ್ಣನೇ ತೊಳೆಯಲಿ. ಲೈಟ್ ಬಾರ್ ಒರೆಸೋಕೆ ಬರುವ ಉತ್ಸಾಹ ಇದಕ್ಕೂ ಬರಲಿ.

ಇನ್ನು ‘ಬಂಕು ಇದೆಯಲ್ಲ’ ಅನ್ನೋ ವಾದ. ಬಂಕಿನ ಟಾಯ್ಲೆಟ್ಟಿನ ಬೀಗ, ಆ ಬೀಗದ ಕೀಲಿ ಹಿಡಿದು ಊಟಕ್ಕೆ ಹೋದ ಹುಡುಗ, ಒಳಗೆ ಬಾರದ ನೀರು... ಇದರ ಅನುಭವ ಇಲ್ಲದ ಹೆಣ್ಣುಮಗಳು ನಿಮ್ಮ ಮನೆಯಲ್ಲಿದ್ದರೆ ಹೇಳಿ. ನಮ್ಮ ಮನೆಯ ಹೆಂಗಸರು ಪ್ರಯಾಣದ ದಿನ ಬೆಳಗ್ಗಿನಿಂದ ನೀರೇ ಕುಡಿಯಲ್ಲ. ನಾವು ಇದನ್ನು ನೋಡಿ ನೋಡಿ ಸಹಜ ಅಂದುಕೊಂಡುಬಿಟ್ಟಿದ್ದೀವಿ. ಮೂತ್ರದ ಸೋಂಕು ಹೆಚ್ಚೋದಕ್ಕೆ ಇದೂ ಒಂದು ದಾರಿ ಅಂತ ಡಾಕ್ಟರುಗಳು ಹೇಳ್ತಾನೇ ಇರ್ತಾರೆ. ಅದಿರಲಿ, ಕ್ಯಾಂಪರ್ ಇರೋದೇ ರಾತ್ರಿ ಮಲಗೋಕೆ. ರಾತ್ರಿ ಎರಡು ಗಂಟೆಗೆ ಯಾವ ಬಂಕಿಗೆ ಹೋಗ್ತೀರಿ? ದೊಡ್ಡಪ್ಪ ರಾತ್ರಿಗೆ ಮೂರು ಸಲ ಏಳ್ತಾರೆ, ಮಳೆಯಲ್ಲಿ, ಕತ್ತಲಲ್ಲಿ, ಗಾಡಿ ಇಳಿದು ಹೋಗಬೇಕಾ?

ಮೈಸೂರಿನಿಂದ ಹೊರಡುವವರಿಗೆ ಇನ್ನೂ ಒಂದು ಕಾರಣ ಇದೆ. ನಮ್ಮ ದಾರಿಗಳಲ್ಲಿ ಅರ್ಧಕ್ಕರ್ಧ ಕಾಡಿಗೆ ಹೋಗಿ ಮುಟ್ಟತ್ತೆ. ಬಂಡೀಪುರದ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ, ಅದು ಇರಬೇಕಾದ್ದೇ. ಊಟಿಗೋ ವಯನಾಡಿಗೋ ಹೊರಟು ತಡವಾದರೆ ಗುಂಡ್ಲುಪೇಟೆ ಕಡೆಯೇ ಎಲ್ಲಾದ್ರೂ, ಯಾರದೋ ಹೋಟೆಲಿನ ಅಂಗಳದಲ್ಲೋ ಪರಿಚಯದವರ ತೋಟದಲ್ಲೋ ಗಾಡಿ ನಿಲ್ಲಿಸಿ ಬೆಳಗಿನ ತನಕ ಕಾಯಬೇಕು. ಅಂಥ ಜಾಗ ಕೊಡುವವರು ನೆಲ ಕೊಡ್ತಾರೆ, ಬಚ್ಚಲುಮನೆ ಕೊಡಲ್ಲ. ಟಾಯ್ಲೆಟ್ ಇರುವ ಗಾಡಿಗೆ ಒಪ್ಪುವ ಜಾಗ ಹೆಚ್ಚು, ‘ನಾವು ನಿಮ್ಮ ತೋಟ ಗಲೀಜು ಮಾಡಲ್ಲ’ ಅಂತ ಧೈರ್ಯವಾಗಿ ಹೇಳಬಹುದು.

ಈಗ ಒಲೆಯ ಕಥೆ. ಕ್ಯಾನ್ವಾಸ್ ಗೋಡೆಯ, ಎಂಟಡಿ ರೂಮಿನಲ್ಲಿ ಸಾಸಿವೆ-ಒಣಮೆಣಸಿನಕಾಯಿ ಒಗ್ಗರಣೆ ಹಾಕೋದನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಘಾಟು ಹಾಸಿಗೆಗೆ, ದಿಂಬಿಗೆ, ಬಟ್ಟೆಗೆ. ಅನ್ನ ಬೇಯಿಸಿದ ಹಬೆ ಕ್ಯಾನ್ವಾಸಿಗೆ ಹತ್ತಿ ಬೆಳಗ್ಗೆ ತಲೆ ಮೇಲೆ ಹನಿ. ಇದು ಸಣ್ಣ ತೊಂದರೆ. ದೊಡ್ಡದು ಅಪಾಯ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲತ್ತೆ. ಮುಚ್ಚಿದ ರೂಮಿನಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಭಯ. ಸಿಲಿಂಡರ್ ಇಡುವುದೇ ಆದರೆ ಹೊರಗಿನಿಂದ ಬಾಗಿಲಿರುವ, ತಳದಲ್ಲಿ ಗಾಳಿಕಿಂಡಿ ಇರುವ ಬೇರೆ ಗೂಡಿನಲ್ಲಿ, 5 ಕೆಜಿಯ ಸಣ್ಣದು.

ಇದಕ್ಕಿಂತ ದೊಡ್ಡ ಕಾರಣ ಬೇರೆ. ಒಳಗೆ ಅಡುಗೆಮನೆ ಮಾಡಿದರೆ ಅದರೊಳಗೆ ನಿಲ್ಲೋರು ಯಾರು? ಒಬ್ಬರು ನಿಲ್ಲುವಷ್ಟೇ ಜಾಗ, ಆ ಒಬ್ಬರು ಅತ್ತಿಗೆ. ಉಳಿದವರೆಲ್ಲ ಚಪ್ಪರದ ಕೆಳಗೆ ಕೂತು ಬೆಟ್ಟ ನೋಡೋದು, ಅವರು ಒಳಗೆ ಕೂತು ಕುಕ್ಕರಿನ ಸೀಟಿ ಎಣಿಸೋದು. ಅದಕ್ಕೆ ಮನೆಯೇ ವಾಸಿ ಅಲ್ವಾ, ಅಲ್ಲಿ ಕಿಟಕಿಯಾದ್ರೂ ದೊಡ್ಡದಿದೆ. ಒಲೆ ಹಿಂದಿನ ಬಾಗಿಲಿಗೆ, ಹೊರಕ್ಕೆ ಎಳೆಯುವ ಡ್ರಾಯರ್ ಮೇಲೆ ಇದ್ದರೆ ಈರುಳ್ಳಿ ಹೆಚ್ಚೋಕೆ ನಾಲ್ಕು ಕೈ ಬರತ್ತೆ, ಟೀ ಮಾಡೋಕೆ ಅಣ್ಣನಿಗೂ ನೆಪ ಸಿಗಲ್ಲ.

ನಮಗೆ ಇದೇನೂ ಹೊಸದಲ್ಲ. ಸುತ್ತೂರು ಜಾತ್ರೆಗೋ ಚುಂಚನಕಟ್ಟೆಯ ದನಗಳ ಜಾತ್ರೆಗೋ ಕಮಾನು ಕಟ್ಟಿದ ಎತ್ತಿನಗಾಡಿಯಲ್ಲಿ ಹೋಗ್ತಿದ್ದ ಕಾಲದಲ್ಲಿ ಮಲಗೋದು ಕಮಾನಿನ ಒಳಗೆ, ಮೂರು ಕಲ್ಲಿನ ಒಲೆ ಹೊರಗೆ. ಬಿದಿರು ಬಾಗಿಸಿ ಚಾಪೆ ಹೊದಿಸಿದ ಆ ಗಾಡಿ ನಮ್ಮ ಪಾಪ್-ಅಪ್ಪೇ. ಅದರಲ್ಲಿ ಇಲ್ಲದ್ದು ಒಂದೇ. ಅದಕ್ಕೆ ಹೆಂಗಸರು ಕತ್ತಲಾಗೋವರೆಗೆ ಕಾಯಬೇಕಿತ್ತು. ಆ ಕಾಯುವಿಕೆಯನ್ನು 2020ರ ದಶಕದ ಗಾಡಿಗೂ ಹೊತ್ತು ತರಬೇಕಾ?

ಇನ್ನು ಪಟ್ಟಿಯಲ್ಲಿ ಉಳಿದ ಸಣ್ಣ ಪುಟ್ಟದ್ದು, ನನಗೆ ತೋಚಿದ ಹಾಗೆ:

ಮೆಟ್ಟಿಲು. ಪಿಕಪ್‌ನ ತೊಟ್ಟಿ ಸೊಂಟದ ಹತ್ತಿರ ಇರತ್ತೆ. ಒಂದೇ ಮೆಟ್ಟಿಲಿನ ಬದಲು ಮೂರು ಮೆಟ್ಟಿಲು, ಜೊತೆಗೆ ಹಿಡಿಯೋಕೆ ಕಂಬಿ. ಲೈಟ್ ಬಾರ್‌ಗಿಂತ ಅಗ್ಗ.

ಹಾಸಿಗೆ. ದೊಡ್ಡ ಹಾಸಿಗೆ ಸಾಮಾನ್ಯವಾಗಿ ಡ್ರೈವರ್ ಕ್ಯಾಬಿನ್ ಮೇಲೆ ಬರತ್ತೆ. ದೊಡ್ಡಮ್ಮ ಅಲ್ಲಿಗೆ ಹತ್ತಲ್ಲ. ಕೆಳಗಿನ ಬೆಂಚು ಹಾಸಿಗೆ ಆಗುವಂಥ ಆಪ್ಷನ್ ಇದ್ದರೆ ಅದೇ ತಗೊಳ್ಳಿ.

ಪರದೆ. ಕ್ಯಾನ್ವಾಸಿನೊಳಗೆ ದೀಪ ಹಚ್ಚಿದರೆ ಒಳಗಿನವರ ನೆರಳು ಹೊರಗೆ ಸಿನಿಮಾ ಥರ ಬೀಳತ್ತೆ. ಬಟ್ಟೆ ಬದಲಾಯಿಸೋ ಜಾಗಕ್ಕೆ, ಟಾಯ್ಲೆಟ್ ಸುತ್ತ ದಪ್ಪ ಕಪ್ಪು ಪರದೆ, ನೆಲದ ಹತ್ತಿರ ಸಣ್ಣ ದೀಪ. ಇದು ಗಂಡಸರ ಪಟ್ಟಿಯಲ್ಲಿ ಬರಲೇ ಇಲ್ಲ.

ಗಾಳಿ ಮತ್ತು ಮಳೆ. ವಿದೇಶದ ಪಟ್ಟಿಗಳಲ್ಲಿ ಹೀಟರ್‌ಗೆ ದೊಡ್ಡ ಜಾಗ. ನಮಗೆ ಬೇಕಿರೋದು ಚಾವಣಿಯಲ್ಲಿ ಎಕ್ಸಾಸ್ಟ್ ಫ್ಯಾನು, ಎದುರುಬದುರು ಸೊಳ್ಳೆ ಪರದೆಯ ಕಿಟಕಿ, ಬಿಳಿ ಚಾವಣಿ. ಕೊಡಗಿನ ಮಳೆಯಲ್ಲಿ ನೆನೆದ ಕ್ಯಾನ್ವಾಸ್ ಮಡಚಿದರೆ ಮನೆಗೆ ಬಂದ ತಕ್ಷಣ ಬಿಚ್ಚಿ ಒಣಗಿಸಲೇಬೇಕು, ಇಲ್ಲಾಂದ್ರೆ ಬೂಷ್ಟು ಗ್ಯಾರಂಟಿ. ನಿಮ್ಮ ಮನೆಯ ಮುಂದೆ ಅಷ್ಟು ಜಾಗ ಇದೆಯಾ ನೋಡಿಕೊಳ್ಳಿ.

ಕರೆಂಟು. 12.8 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಅಂದ್ರೆ 1,280 ವ್ಯಾಟ್-ಅವರ್, ತೂಕ ಸುಮಾರು 12 ಕೆಜಿ. ದೀಪ, ಫ್ಯಾನು, ಫೋನು, ಸಣ್ಣ ಫ್ರಿಜ್ಜು ಒಂದು ದಿನ ಆರಾಮಾಗಿ ನಡೆಯತ್ತೆ. ಒಂದು ಟನ್ ಏಸಿ ಹಾಕಿದರೆ ಗಂಟೆ-ಒಂದೂಕಾಲು ಗಂಟೆಗೆ ಮುಗೀತು. ಮಳೆಗಾಲದಲ್ಲಿ ಸೋಲಾರ್ ಮುಖ ತಿರುಗಿಸತ್ತೆ, ಹಾಗಾಗಿ ಓಡುವಾಗ ಇಂಜಿನ್ನಿನ ಆಲ್ಟರ್ನೇಟರಿನಿಂದ ಚಾರ್ಜ್ ಆಗುವ ವ್ಯವಸ್ಥೆಗೆ ಮೊದಲು ದುಡ್ಡು ಹಾಕಿ.

ಫ್ರಿಜ್ ಬೇಡ ಅಂತ ನಾನು ಹೇಳ್ತಿಲ್ಲ. ದೊಡ್ಡಪ್ಪನ ಇನ್ಸುಲಿನ್ ಇಡೋಕೆ ಬೇಕು. ನೋಡಿ, ಬರುವವರನ್ನು ನೆನೆದು ಆರಿಸಿದರೆ ಅದೇ ಫ್ರಿಜ್ಜಿನ ಸೈಜು ಹೇಗೆ ಚಿಕ್ಕದಾಗತ್ತೆ!

ಹಾಗಾಗಿ ನಾನು ಎಕ್ಸೆಲ್ ಶೀಟಿಗೆ ಹೊಸದೊಂದು ಕಾಲಮ್ ಸೇರಿಸಿದ್ದೀನಿ: ‘ಇದು ಇಲ್ಲದಿದ್ದರೆ ಯಾರು ಬರಲ್ಲ?’ ಲೈಟ್ ಬಾರ್ ಮುಂದೆ ಆ ಕಾಲಮ್ ಖಾಲಿ. ಟಾಯ್ಲೆಟ್ ಮುಂದೆ ನಾಲ್ಕು ಹೆಸರು. ಶೀಟು ಈಗ ಅತ್ತಿಗೆಯ ಫೋನಿನಲ್ಲಿದೆ, ಅವರು ತುಂಬಿ ಕಳಿಸಿದ ಮೇಲೇ ಅಡ್ವಾನ್ಸ್ ಅಂತ ಅಣ್ಣನಿಗೆ ಹೇಳಿ ಬೈಸಿಕೊಂಡಿದ್ದೂ ಆಯಿತು.

ನೀವೂ ಕ್ಯಾಂಪರ್ ಅಲ್ಲದಿದ್ದರೆ ಕಾರು, ಅದೂ ಅಲ್ಲದಿದ್ದರೆ ಬಾಡಿಗೆ ಟಿಟಿ ಗೊತ್ತು ಮಾಡುವಾಗ ಈ ಕಾಲಮ್ ಹಾಕಿ ನೋಡಿ. ನಿಮ್ಮ ಮನೆಯಲ್ಲಿ ಯಾರ ಹೆಸರು ಎಲ್ಲಿ ಬಂತು ಅಂತ ಕಮೆಂಟಿನಲ್ಲಿ ಹೇಳ್ತೀರಲ್ವಾ?