ಬಸ್ ತಡೆದವರೇ ದುಡಿಮೆ ಕಸಿದರು

ಅಮೆರಿಕದ ನಗರಗಳಲ್ಲಿ ಕಪ್ಪು ವರ್ಣೀಯರ ನಿರುದ್ಯೋಗಕ್ಕೆ ಅವರ ಸೋಮಾರಿತನವೇ ಕಾರಣ ಎಂಬುದು ಹಸಿ ಸುಳ್ಳು. ಅವರನ್ನು ಒಂದು ಕಡೆ ಕೂಡಿಹಾಕಿ, ಕೆಲಸವನ್ನು ಇನ್ನೊಂದು ಕಡೆಗೆ ಸಾಗಿಸಿ, ನಡುವೆ ಬಸ್ಸೂ ಓಡದಂತೆ ನೋಡಿಕೊಂಡ ಆಡಳಿತವೇ ಇದರ ಹೊಣೆ ಹೊರಬೇಕು.

1930ರ ದಶಕದಲ್ಲಿ ಫೆಡರಲ್ ಸಂಸ್ಥೆಗಳು ಕಪ್ಪು ವರ್ಣೀಯರ ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಳಿದು ಗುರುತಿಸಿ, ಗೃಹಸಾಲದ ಖಾತರಿ ನಿರಾಕರಿಸಿದವು. ಬಿಳಿಯರಿಗೆ ಅದೇ ಖಾತರಿ ಉಪನಗರಗಳಲ್ಲಿ ಮನೆ ಕೊಡಿಸಿತು. 1956ರ ಕಾಯ್ದೆಯ ಹೆದ್ದಾರಿಗಳು ಬಂದ ಮೇಲೆ ಕಾರ್ಖಾನೆ, ಗೋದಾಮು, ಅಂಗಡಿಗಳೂ ಊರಾಚೆ ಹೋದವು. 34 ಮಂದಿಯನ್ನು ಬಲಿ ಪಡೆದ 1965ರ ವಾಟ್ಸ್ ಗಲಭೆಯ ತನಿಖಾ ಆಯೋಗವೇ, ಬಸ್ ಸೌಕರ್ಯವಿಲ್ಲದೆ ಅಲ್ಲಿನ ಜನ ಕೆಲಸಕ್ಕೆ ಹೋಗುವುದು ಕಷ್ಟವಾಗಿದೆ ಎಂದಿತು. 1968ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಕೇನ್ ಷಿಕಾಗೊ ಮತ್ತು ಡೆಟ್ರಾಯ್ಟ್ ಅಂಕಿಅಂಶಗಳನ್ನಿಟ್ಟುಕೊಂಡು, ವಸತಿ ಪ್ರತ್ಯೇಕತೆ ಕಪ್ಪು ವರ್ಣೀಯರ ಉದ್ಯೋಗಾವಕಾಶ ಕುಗ್ಗಿಸುತ್ತಿದೆ ಎಂದು ವಾದಿಸಿದರು. ಗೊತ್ತಿರಲಿಲ್ಲ ಎನ್ನುವ ನೆಪ ಅಂದಿಗೇ ಮುಗಿಯಿತು.

ಆದರೂ ಬಫಲೊ ನಗರದ ಹೊರವಲಯದ ಮಾಲೊಂದರ ಆವರಣಕ್ಕೆ ಪ್ರವಾಸಿ ಬಸ್ಸುಗಳಿಗೆ ಪ್ರವೇಶವಿತ್ತು; ಕಪ್ಪು ವರ್ಣೀಯರ ಈಸ್ಟ್ ಸೈಡ್‌ನಿಂದ ಬರುವ 6ನೇ ನಂಬರ್ ಸಿಟಿ ಬಸ್ಸಿಗೆ ಇರಲಿಲ್ಲ. 1995ರ ಡಿಸೆಂಬರ್‌ನಲ್ಲಿ, ಮಾಲ್‌ನ ತಿಂಡಿ ಮಳಿಗೆಯಲ್ಲಿ ದುಡಿಯುತ್ತಿದ್ದ 17 ವರ್ಷದ ತಾಯಿಯೊಬ್ಬಳು ಬಸ್ ಇಳಿದು, ಏಳು ಪಥದ ರಸ್ತೆ ದಾಟುವಾಗ ಟ್ರಕ್ ಗುದ್ದಿತು. ಆಕೆ ಬದುಕುಳಿಯಲಿಲ್ಲ. ಬಸ್ಸಿಗೆ ಒಳಗೆ ದಾರಿ ಸಿಕ್ಕಿದ್ದು ಆ ಬಳಿಕ.

ಅಟ್ಲಾಂಟದಲ್ಲಿ ಇದೇ ನಿರ್ಧಾರ ಮತಪೆಟ್ಟಿಗೆಯಿಂದ ಬಂತು. 1971ರಲ್ಲಿ, ಬಿಳಿಯರೇ ಹೆಚ್ಚಿದ್ದ ಕ್ಲೇಟನ್ ಮತ್ತು ಗ್ವಿನೆಟ್ ಕೌಂಟಿಗಳು ನಗರದ ಸಾರಿಗೆ ಜಾಲವೇ ಬೇಡವೆಂದವು. ತೆರಿಗೆಯ ಹೊರೆ ಬೇಡ ಎಂಬ ಸಮರ್ಥನೆ ನಿಲ್ಲುವುದಿಲ್ಲ. ಅಂತರರಾಜ್ಯ ಹೆದ್ದಾರಿಯ ವೆಚ್ಚದಲ್ಲಿ ಶೇ 90ರಷ್ಟನ್ನು ಭರಿಸಿದ್ದು ಫೆಡರಲ್ ಬೊಕ್ಕಸ. ಅದರಲ್ಲಿ ಕಪ್ಪು ವರ್ಣೀಯರು ತೆತ್ತ ತೆರಿಗೆಯೂ ಇತ್ತು. ಕಾರಿನ ದಾರಿಗೆ ಎಲ್ಲರ ಹಣ ಬೇಕು, ಬಸ್ಸಿನ ದಾರಿಗೆ ಮಾತ್ರ ಊರಿನ ಒಪ್ಪಿಗೆ ಬೇಕು ಎನ್ನುವುದು ನ್ಯಾಯವಲ್ಲ.

ನ್ಯಾಯಾಲಯದ ಬಾಗಿಲೂ ಕಿರಿದಾಗಿದೆ. ಸರ್ಕಾರಿ ನೆರವು ಪಡೆದ ಯೋಜನೆಯಿಂದ ಒಂದು ಜನಾಂಗಕ್ಕೆ ಹೆಚ್ಚು ಹಾನಿಯಾಯಿತು ಎಂದಷ್ಟೇ ತೋರಿಸಿ ಖಾಸಗಿ ವ್ಯಕ್ತಿಗಳು 1964ರ ನಾಗರಿಕ ಹಕ್ಕು ಕಾಯ್ದೆಯ ಆರನೇ ಅಧ್ಯಾಯದಡಿ ದಾವೆ ಹೂಡುವಂತಿಲ್ಲ, ಉದ್ದೇಶಪೂರ್ವಕ ತಾರತಮ್ಯವನ್ನೇ ಸಾಬೀತುಪಡಿಸಬೇಕು ಎಂದು 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಾರ್ಗ ನಕ್ಷೆಯ ಮೇಲೆ ಯಾರೂ ದ್ವೇಷವನ್ನು ಬರೆದಿಡುವುದಿಲ್ಲ. ಈ ದಾವೆಯ ಹಕ್ಕನ್ನು ಅಮೆರಿಕದ ಸಂಸತ್ತು ಕಾನೂನಿನ ಮೂಲಕ ಮರಳಿಸಬೇಕು. ಬಸ್ ಬಿಡದ ಉಪನಗರಕ್ಕೆ ಹೆದ್ದಾರಿಯ ಅನುದಾನವನ್ನೂ ನಿಲ್ಲಿಸಬೇಕು.