ಮೂಸಿಯನ್ನೂ ಸ್ವಲ್ಪ ನೋಡಿ ಸ್ವಾಮಿ

ಊರಿಂದ ಹೈದರಾಬಾದಿಗೆ ಬರುವ ನೆಂಟರ ಪಟ್ಟಿ ಯಾವಾಗಲೂ ಒಂದೇ: ಚಾರ್ಮಿನಾರ್, ಗೋಲ್ಕೊಂಡ, ಸಾಲಾರ್ ಜಂಗ್ ಮ್ಯೂಸಿಯಂ, ಮುತ್ತಿನ ಸರ. ಆ ಮ್ಯೂಸಿಯಂ ಇರುವುದೇ ಮೂಸಿ ನದಿಯ ದಂಡೆಯಲ್ಲಿ. ಆದರೂ ಸೇತುವೆ ದಾಟುವಾಗ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ, ಜೊತೆಗೆ ಕಣ್ಣನ್ನೂ!

ಈ ನಗರದ ಕಥೆಯೇ ಹೊಳೆಯದು. 1591ರ ಚಾರ್ಮಿನಾರಿಗಿಂತ ಹಳೆಯದು, 1578ರಲ್ಲಿ ಕಟ್ಟಿದ ಪುರಾನಾ ಪೂಲ್. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಸಾವಿರಾರು ಜನ ಸತ್ತರು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರ ಹತ್ತಿ ನೂರೈವತ್ತು ಮಂದಿ ಉಳಿದುಕೊಂಡರಂತೆ. ಆಮೇಲೆ ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಎದ್ದವು. ನೆರೆಗೂ ತಡೆಯಾಯಿತು, ಊರಿಗೆ ಕುಡಿಯುವ ನೀರೂ ಸಿಕ್ಕಿತು.

ಅಂಥ ಹೊಳೆಗೆ ಊರು ವಾಪಸ್ ಕೊಟ್ಟಿದ್ದು ಚರಂಡಿ ನೀರು. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಬರೀ ವಿತ್‌ಡ್ರಾವಲ್, ಡಿಪಾಸಿಟ್ ಸೊನ್ನೆ. "ನಾವು ಹೊರಗಿನವರು, ನಮಗೇಕೆ" ಎನ್ನುವ ಹಾಗೂ ಇಲ್ಲ. ನಮ್ಮ ಬಚ್ಚಲ ನೀರು ಹೋಗುವುದು ಎಲ್ಲಿಗೆ?

ಮುಂದಿನ ಸಲ ನೆಂಟರು ಬಂದಾಗ ಪುರಾನಾ ಪೂಲ್ ಮೇಲೆ ಹತ್ತು ನಿಮಿಷ ನಿಲ್ಲಿಸಿ, ಈ ಕಥೆ ಹೇಳಿ. ಯಾರೂ ನೋಡದ ಹೊಳೆಯ ಪರವಾಗಿ ಯಾರೂ ಬಾಯಿ ಬಿಡುವುದಿಲ್ಲ. ಏನಂತೀರಿ?